ರಕ್ತದ ವರದಿ ಎಷ್ಟು ಮುಂದಿನದನ್ನು ಹೇಳಬಲ್ಲದು

ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯ, ಅಂದರೆ ವೈದ್ಯರೂ ರೋಗಿಗಳೂ ಚಿಕ್ಕದಾಗಿ ಸಿ.ಎಲ್.ಎಲ್. ಎಂದು ಕರೆಯುವ ರಕ್ತಕ್ಯಾನ್ಸರ್, ಒಬ್ಬರಲ್ಲಿ ನಡೆದುಕೊಂಡಂತೆ ಇನ್ನೊಬ್ಬರಲ್ಲಿ ನಡೆದುಕೊಳ್ಳುವುದಿಲ್ಲ. ಒಂದೇ ವಯಸ್ಸಿನ, ರಕ್ತದಲ್ಲಿ ಒಂದೇ ಪ್ರಮಾಣದ ಬಿಳಿಯ ಕಣಗಳಿರುವ ಇಬ್ಬರಲ್ಲಿ ಒಬ್ಬರು ಯಾವ ಔಷಧವನ್ನೂ ಮುಟ್ಟದೆ ಇಪ್ಪತ್ತು ವರ್ಷ ಬದುಕಿ ಕೊನೆಗೆ ಬೇರೆ ಯಾವುದೋ ಕಾರಣಕ್ಕೆ ತೀರಿಕೊಳ್ಳಬಹುದು. ಮತ್ತೊಬ್ಬರಿಗೆ ಎರಡು ವರ್ಷದೊಳಗೇ ಚಿಕಿತ್ಸೆ ಅನಿವಾರ್ಯವಾಗಿ, ಆ ಚಿಕಿತ್ಸೆಗೂ ಕಾಯಿಲೆ ಬಗ್ಗದೆ ಹೋಗಬಹುದು. ಸೂಕ್ಷ್ಮದರ್ಶಕದ ಕೆಳಗೆ ಒಂದೇ ತೆರನಾಗಿ ಕಾಣುವ ಜೀವಕೋಶಗಳು ಇಷ್ಟು ಬೇರೆ ಬೇರೆ ದಾರಿ ಹಿಡಿಯುವುದೇಕೆ ಎಂಬ ಪ್ರಶ್ನೆ ಸುಮಾರು ಐವತ್ತು ವರ್ಷಗಳಿಂದ ಸಂಶೋಧಕರನ್ನು ಕಾಡಿದೆ, ಮತ್ತು ಕಾಯಿಲೆಯ ಮುಂದಿನ ನಡೆಯನ್ನು ಮೊದಲೇ ಅಂದಾಜು ಮಾಡಲು ನೆರವಾಗುವ ಪರೀಕ್ಷೆಗಳು, ಅಂದರೆ ಮುನ್ಸೂಚಕಗಳು, ಆ ಹುಡುಕಾಟದಿಂದಲೇ ಹುಟ್ಟಿದವು. ಇಂದು ಈ ಪರೀಕ್ಷೆಗಳ ವರದಿ ರೋಗಿಯ ಕೈಗೇ ಬರುತ್ತದೆ. ಅದರಲ್ಲಿ ಬರೆದಿರುವುದಕ್ಕಿಂತ ಹೆಚ್ಚಿನದನ್ನು ಓದಿಕೊಂಡು ಕಂಗೆಡುವವರೂ ಇದ್ದಾರೆ, ನಿಜಕ್ಕೂ ಮುಖ್ಯವಾದ ಸಾಲನ್ನು ಗಮನಿಸದೆ ತಪ್ಪು ಚಿಕಿತ್ಸೆಗೆ ಒಳಗಾಗುವವರೂ ಇದ್ದಾರೆ.

ಕಾಯಿಲೆಯ ಮೂಲ ಸ್ವರೂಪವನ್ನು ಮೊದಲು ತಿಳಿಯಬೇಕು. ಬಿಳಿಯ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬುದೊಂದು ಬಗೆ. ಅದರಲ್ಲಿ ‘ಬಿ’ ಲಿಂಫೋಸೈಟ್‌ಗಳೆಂಬ ಒಳಗುಂಪು ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ಒದಗಿಸುತ್ತದೆ. ಇಂಥ ಒಂದೇ ಒಂದು ‘ಬಿ’ ಕೋಶ ಕೆಟ್ಟು, ಸಾಯಬೇಕಾದಾಗ ಸಾಯದೆ, ತನ್ನದೇ ಪ್ರತಿಗಳನ್ನು ಕೂಡಿಹಾಕುತ್ತ ಹೋದಾಗ ಸಿ.ಎಲ್.ಎಲ್. ಆಗುತ್ತದೆ. ಪ್ರತಿ ಮೈಕ್ರೊಲೀಟರ್ ರಕ್ತದಲ್ಲಿ ಇಂಥ ಕೋಶಗಳು 5,000 ಅಥವಾ ಅದಕ್ಕಿಂತ ಹೆಚ್ಚಿದ್ದು, ಆ ಸ್ಥಿತಿ ಕನಿಷ್ಠ ಮೂರು ತಿಂಗಳು ಉಳಿದಿದ್ದರೆ ಮಾತ್ರ ಕಾಯಿಲೆಗೆ ಈ ಹೆಸರು ಸಲ್ಲುತ್ತದೆ. ಅವು ಸಿ.ಎಲ್.ಎಲ್.ನವೇ ಎಂಬುದನ್ನು ಫ್ಲೋ ಸೈಟೊಮೆಟ್ರಿ ಎಂಬ ಪರೀಕ್ಷೆ ಖಚಿತಪಡಿಸುತ್ತದೆ. ಕೋಶದ ಮೈಮೇಲಿನ ಪ್ರೋಟೀನುಗಳಿಗೆ ಹೊಳೆಯುವ ಬಣ್ಣ ಅಂಟಿಸಿ ಲೇಸರ್ ಬೆಳಕಿನ ಮುಂದೆ ಒಂದೊಂದಾಗಿ ಹಾಯಿಸುವ ಈ ವಿಧಾನದಲ್ಲಿ ಸಿಡಿ5, ಸಿಡಿ19, ಸಿಡಿ23 ಎಂಬ ಗುರುತುಗಳು ಒಟ್ಟಿಗೆ ಕಂಡುಬರುತ್ತವೆ. ಪಶ್ಚಿಮ ದೇಶಗಳ ವಯಸ್ಕರಲ್ಲಿ ಅತಿ ಹೆಚ್ಚಾಗಿ ಕಾಣುವ ಲ್ಯುಕೇಮಿಯ ಇದೇ ಆಗಿದ್ದರೂ ಏಷ್ಯಾದ ಜನರಲ್ಲಿ ಇದು ಅಪರೂಪ. ಹಲವರಲ್ಲಿ ಕಾಯಿಲೆ ಪತ್ತೆಯಾಗುವುದು ಬೇರೇನಕ್ಕೋ ಮಾಡಿಸಿದ ಸಾಮಾನ್ಯ ರಕ್ತಪರೀಕ್ಷೆಯಲ್ಲಿ; ರೋಗಿಗೆ ಆಗ ಯಾವ ತೊಂದರೆಯೂ ಇರುವುದಿಲ್ಲ. ಆರೋಗ್ಯವಾಗಿದ್ದೇನೆಂದು ತಿಳಿದಿದ್ದವರ ಮುಂದೆ ‘ಕ್ಯಾನ್ಸರ್’ ಎಂಬ ಮಾತು ಬಂದು ನಿಂತಾಗ, ಮುಂದೇನು ಎಂಬ ಪ್ರಶ್ನೆ ಔಷಧಕ್ಕಿಂತ ಮೊದಲೇ ಏಳುವುದು ಸಹಜ.

ಆ ಪ್ರಶ್ನೆಗೆ ಮೊದಲ ವ್ಯವಸ್ಥಿತ ಉತ್ತರ ಕೊಟ್ಟವರು ರಾಜಸ್ಥಾನದ ಜೋಧಪುರದಲ್ಲಿ ಹುಟ್ಟಿ ಅಮೆರಿಕದ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಕೆಲಸ ಮಾಡಿದ ಡಾ. ಕಾಂತಿ ರಾಯ್. 1975ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಹಂತಗಳ ಪಟ್ಟಿಗೆ ಬೇಕಾಗುವುದು ವೈದ್ಯರ ಕೈಗಳು ಮತ್ತು ಒಂದು ರಕ್ತಎಣಿಕೆ, ಅಷ್ಟೇ. ಲಿಂಫೋಸೈಟ್‌ಗಳು ಮಾತ್ರ ಹೆಚ್ಚಿದ್ದರೆ ಸೊನ್ನೆಯ ಹಂತ; ಕುತ್ತಿಗೆ, ಕಂಕುಳು, ತೊಡೆಸಂದಿನ ದುಗ್ಧಗ್ರಂಥಿಗಳು ಊದಿದ್ದರೆ ಒಂದನೆಯದು; ಗುಲ್ಮ ಅಥವಾ ಯಕೃತ್ತು ದೊಡ್ಡದಾಗಿದ್ದರೆ ಎರಡನೆಯದು; ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿಳಿದರೆ ಮೂರನೆಯದು; ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಒಂದು ಲಕ್ಷಕ್ಕಿಂತ ಕಡಿಮೆಯಾದರೆ ನಾಲ್ಕನೆಯದು. ಕೆಟ್ಟ ಕೋಶಗಳು ರಕ್ತದಿಂದ ಗ್ರಂಥಿಗಳಿಗೂ ಗುಲ್ಮಕ್ಕೂ ತುಂಬಿಕೊಂಡು, ಕೊನೆಗೆ ಅಸ್ಥಿಮಜ್ಜೆಯನ್ನೇ ಆಕ್ರಮಿಸಿ ಆರೋಗ್ಯವಂತ ಕಣಗಳ ತಯಾರಿಕೆಗೆ ಜಾಗವಿಲ್ಲದಂತೆ ಮಾಡುತ್ತವೆ ಎಂಬ ತಿಳಿವಳಿಕೆ ಈ ಪಟ್ಟಿಯ ಹಿಂದಿತ್ತು. ಆ ಕಾಲದ ರೋಗಿಗಳಲ್ಲಿ ಸೊನ್ನೆಯ ಹಂತದವರ ಬದುಕಿನ ಮಧ್ಯಾಂಕ 150 ತಿಂಗಳುಗಳನ್ನು ಮೀರಿದ್ದರೆ, ಮೂರನೆಯ ಮತ್ತು ನಾಲ್ಕನೆಯ ಹಂತದವರದು ಕೇವಲ 19 ತಿಂಗಳಾಗಿತ್ತು. 1981ರಲ್ಲಿ ಫ್ರಾನ್ಸ್‌ನ ಜಾಕ್-ಲೂಯಿ ಬಿನೆ ಮತ್ತು ಸಂಗಡಿಗರು ಎ, ಬಿ, ಸಿ ಎಂಬ ಮೂರೇ ಹಂತಗಳ ಇನ್ನೊಂದು ಪಟ್ಟಿ ಮಾಡಿದರು. ದಶಕಗಳಷ್ಟು ಹಳೆಯವಾದರೂ ಇವೆರಡೂ ಇಂದಿಗೂ ಬಳಕೆಯಲ್ಲಿವೆ. ಹಾಸಿಗೆಯ ಪಕ್ಕದಲ್ಲಿ ನಿಂತು ಕೈಯಿಂದ ಮಾಡುವ ಪರೀಕ್ಷೆಯ ಬೆಲೆಯನ್ನು ಜೀನುಗಳ ಯುಗವೂ ಅಳಿಸಿಲ್ಲ ಎಂಬುದನ್ನು ಗೌರವದಿಂದ ನೆನೆಯಬೇಕು.

ಆದರೆ ಹಂತ ಹೇಳುವುದು ಕಾಯಿಲೆ ಇಂದು ಎಲ್ಲಿಗೆ ಬಂದಿದೆ ಎಂಬುದನ್ನು. ಅದು ಎಷ್ಟು ವೇಗವಾಗಿ ಸಾಗುತ್ತದೆ ಎಂಬುದನ್ನಲ್ಲ. ಈಗ ಬಹುಪಾಲು ರೋಗಿಗಳಲ್ಲಿ ಕಾಯಿಲೆ ಆರಂಭದ ಹಂತದಲ್ಲೇ ಪತ್ತೆಯಾಗುತ್ತಿರುವುದರಿಂದ, ಅವರಲ್ಲೇ ನಿಧಾನದವರನ್ನೂ ಅವಸರದವರನ್ನೂ ಬೇರ್ಪಡಿಸುವ ಅಗತ್ಯ ಎದ್ದಿತು. ಅತಿ ಸರಳ ಉಪಾಯವೆಂದರೆ ಕಾದು ನೋಡುವುದು: ಲಿಂಫೋಸೈಟ್‌ಗಳ ಸಂಖ್ಯೆ ದ್ವಿಗುಣವಾಗಲು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಹಿಡಿದರೆ ಕಾಯಿಲೆ ಸಾಧುವಾದುದು, ಕಡಿಮೆ ಹಿಡಿದರೆ ಚುರುಕಾದುದು ಎಂದು 1980ರ ದಶಕದಲ್ಲೇ ಗೊತ್ತಾಗಿತ್ತು. ಬೀಟಾ-2 ಮೈಕ್ರೊಗ್ಲೋಬ್ಯುಲಿನ್ ಎಂಬ ಸಣ್ಣ ಪ್ರೋಟೀನಿನ ಪ್ರಮಾಣ ಇನ್ನೊಂದು ಸೂಚಕ. ಇದು ಲಿಂಫೋಸೈಟ್‌ಗಳ ಮೈಯಿಂದ ಉದುರಿ ರಕ್ತ ಸೇರುವುದರಿಂದ ದೇಹದಲ್ಲಿರುವ ಕಾಯಿಲೆಯ ಒಟ್ಟು ಹೊರೆಯನ್ನು ಸ್ಥೂಲವಾಗಿ ತೋರಿಸುತ್ತದೆ, ಮತ್ತು ಲೀಟರಿಗೆ 3.5 ಮಿಲಿಗ್ರಾಂ ಮೀರಿದರೆ ಅದನ್ನು ಪ್ರತಿಕೂಲವೆಂದು ಎಣಿಸುತ್ತಾರೆ. ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದವರಲ್ಲಿ ಈ ಪ್ರೋಟೀನು ತಾನಾಗಿಯೇ ಏರುವುದರಿಂದ, ಮಧುಮೇಹದಿಂದ ಮೂತ್ರಪಿಂಡ ದುರ್ಬಲವಾದ ಹಿರಿಯರಲ್ಲಿ ಈ ಅಂಕಿಯನ್ನು ಎಚ್ಚರದಿಂದ ಓದಬೇಕು.

ಕಾಯಿಲೆಯ ಒಳಗನ್ನು ನಿಜಕ್ಕೂ ತೆರೆದು ತೋರಿಸಿದ್ದು ವರ್ಣತಂತುಗಳ ಅಧ್ಯಯನ. ಸಿ.ಎಲ್.ಎಲ್. ಕೋಶಗಳು ಪ್ರಯೋಗಾಲಯದ ತಟ್ಟೆಯಲ್ಲಿ ಸುಲಭವಾಗಿ ವಿಭಜನೆಯಾಗುವುದಿಲ್ಲ. ವಿಭಜನೆಯಾಗದಿದ್ದರೆ ಹಳೆಯ ವಿಧಾನದಲ್ಲಿ ವರ್ಣತಂತುಗಳು ಕಣ್ಣಿಗೆ ಬೀಳುವುದಿಲ್ಲ. ಈ ಅಡ್ಡಿಯನ್ನು ದಾಟಿಸಿದ್ದು ಫಿಶ್ ಎಂಬ ಹೆಸರಿನ ಪರೀಕ್ಷೆ. ಇದರಲ್ಲಿ ವರ್ಣತಂತುವಿನ ಒಂದು ನಿರ್ದಿಷ್ಟ ಜಾಗಕ್ಕೆ ಮಾತ್ರ ಹೋಗಿ ಕೂರುವ, ಬಣ್ಣದ ಬೆಳಕು ಬೀರುವ ಡಿಎನ್ಎ ತುಣುಕುಗಳನ್ನು ಕೋಶದ ಮೇಲೆ ಬಿಟ್ಟು ಚುಕ್ಕೆಗಳನ್ನು ಎಣಿಸುತ್ತಾರೆ. ಪ್ರತಿ ವರ್ಣತಂತುವಿಗೂ ಜೋಡಿಯಿರುವುದರಿಂದ ಆರೋಗ್ಯವಂತ ಕೋಶದಲ್ಲಿ ಎರಡು ಚುಕ್ಕೆಗಳು ಕಾಣಬೇಕು. ಒಂದೇ ಕಂಡರೆ ಆ ತುಂಡು ಕಳೆದುಹೋಗಿದೆ ಎಂದೂ, ಮೂರು ಕಂಡರೆ ಒಂದು ವರ್ಣತಂತು ಹೆಚ್ಚಿಗೆ ಇದೆ ಎಂದೂ ಅರ್ಥ. ಸಾಮಾನ್ಯವಾಗಿ ಇನ್ನೂರರಷ್ಟು ಕೋಶಗಳನ್ನು ಎಣಿಸಿ, ಶೇಕಡ ಎಷ್ಟು ಕೋಶಗಳಲ್ಲಿ ದೋಷವಿದೆ ಎಂದು ವರದಿ ಕೊಡುತ್ತಾರೆ.

2000ದ ಇಸವಿಯಲ್ಲಿ ಜರ್ಮನಿಯ ಹಾರ್ಟ್‌ಮುಟ್ ಡೋನರ್ ಮತ್ತು ಸಂಗಡಿಗರು 325 ರೋಗಿಗಳ ಕೋಶಗಳನ್ನು ಹೀಗೆ ಪರೀಕ್ಷಿಸಿ ಪ್ರಕಟಿಸಿದ ಫಲಿತಾಂಶ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ನೂರಕ್ಕೆ 82 ಮಂದಿಯಲ್ಲಿ ಒಂದಲ್ಲ ಒಂದು ದೋಷ ಕಂಡಿತು. ಅತಿ ಹೆಚ್ಚಿನದು ಹದಿಮೂರನೆಯ ವರ್ಣತಂತುವಿನ ಉದ್ದ ತೋಳಿನ ಒಂದು ತುಂಡಿನ ಲೋಪ. ಇದನ್ನು 13ಕ್ಯೂ ಲೋಪವೆಂದು ಬರೆಯುತ್ತಾರೆ, ಇದು ನೂರಕ್ಕೆ 55 ಮಂದಿಯಲ್ಲಿತ್ತು. ಹನ್ನೊಂದನೆಯ ವರ್ಣತಂತುವಿನ ಲೋಪ, ಅಂದರೆ 11ಕ್ಯೂ, ನೂರಕ್ಕೆ 18. ಹನ್ನೆರಡನೆಯ ವರ್ಣತಂತು ಮೂರಾಗಿರುವುದು ನೂರಕ್ಕೆ 16. ಹದಿನೇಳನೆಯ ವರ್ಣತಂತುವಿನ ಗಿಡ್ಡ ತೋಳಿನ ಲೋಪ, ಅಂದರೆ 17ಪಿ, ನೂರಕ್ಕೆ 7. ಒಬ್ಬರಲ್ಲೇ ಎರಡು ದೋಷಗಳಿದ್ದರೆ ಹೆಚ್ಚು ಅಪಾಯದ ದೋಷದ ಗುಂಪಿಗೇ ಅವರನ್ನು ಸೇರಿಸಲಾಗಿತ್ತು. ಗುಂಪುಗಳ ಬದುಕಿನ ಮಧ್ಯಾಂಕಗಳು ಹೀಗಿದ್ದವು: 13ಕ್ಯೂ ಲೋಪ ಮಾತ್ರ ಇದ್ದವರಿಗೆ 133 ತಿಂಗಳು, ಹನ್ನೆರಡನೆಯದು ಮೂರಾಗಿದ್ದವರಿಗೆ 114, ಯಾವ ದೋಷವೂ ಕಾಣದವರಿಗೆ 111, 11ಕ್ಯೂ ಲೋಪದವರಿಗೆ 79, 17ಪಿ ಲೋಪದವರಿಗೆ 32. ಒಂದು ದೋಷವಿರುವವರು ಯಾವ ದೋಷವೂ ಇಲ್ಲದವರಿಗಿಂತ ಹೆಚ್ಚು ಕಾಲ ಬದುಕಿದ್ದು ಮೊದಲ ನೋಟಕ್ಕೆ ವಿಚಿತ್ರವೆನಿಸಿದರೂ, ದೋಷವಿದೆಯೇ ಎಂಬುದಕ್ಕಿಂತ ಯಾವ ದೋಷ ಎಂಬುದೇ ಮುಖ್ಯವೆಂದು ಅದು ತೋರಿಸಿಕೊಟ್ಟಿತು.

ಈ ಸಂಖ್ಯೆಗಳು ಇಂದಿಗೂ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ, ಮತ್ತು ಅವುಗಳನ್ನು ಸರಿಯಾಗಿ ಓದುವುದು ಹೇಗೆಂದು ಇಲ್ಲಿಯೇ ನಿಂತು ನೋಡುವುದು ಅಗತ್ಯ. ಮಧ್ಯಾಂಕವೆಂದರೆ ಗುಂಪಿನ ಅರ್ಧದಷ್ಟು ಮಂದಿ ದಾಟಿದ ಗಡಿ; 32 ತಿಂಗಳು ಎಂಬುದು ಆ ಗುಂಪಿನ ಯಾರೊಬ್ಬರ ಆಯುಷ್ಯವೂ ಅಲ್ಲ, ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದರು ಎಂಬುದೂ ಅದರೊಳಗೇ ಅಡಗಿದೆ. ಜಿಲ್ಲೆಯ ಸರಾಸರಿ ಮಳೆಯ ಅಂಕಿಯಿಂದ ಒಂದು ಹೊಲಕ್ಕೆ ಎಷ್ಟು ನೀರು ಬಿತ್ತು ಎಂದು ಹೇಳಲಾಗದಂತೆಯೇ ಗುಂಪಿನ ಅಂಕಿಯಿಂದ ಒಬ್ಬ ರೋಗಿಯ ನಾಳೆಯನ್ನು ಹೇಳಲಾಗದು. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಆ 325 ಮಂದಿ ಚಿಕಿತ್ಸೆ ಪಡೆದದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳ ಔಷಧಗಳಿಂದ. ಇಂದು 17ಪಿ ಲೋಪದವರಿಗೆ ಕೊಡುವ ಮುಖ್ಯ ಔಷಧಗಳಲ್ಲಿ ಒಂದೂ ಆಗ ಇರಲಿಲ್ಲ. ಮುನ್ಸೂಚಕ ಯಾವಾಗಲೂ ಹೇಳುವುದು ‘ಈ ಚಿಕಿತ್ಸೆ ಸಿಕ್ಕರೆ ಹೀಗೆ’ ಎಂದೇ ಹೊರತು, ‘ಏನಾದರೂ ಹೀಗೆಯೇ’ ಎಂದಲ್ಲ. ಹಳೆಯ ಪಟ್ಟಿಯ ತಿಂಗಳುಗಳನ್ನು ಇಂದಿನ ರೋಗಿಗೆ ಒಪ್ಪಿಸುವುದು ಅನ್ಯಾಯ. ವೈದ್ಯರು ಮಾಡಿದರೂ, ರೋಗಿ ತಾನೇ ಹುಡುಕಿ ಓದಿಕೊಂಡರೂ ಅದು ಅನ್ಯಾಯವೇ.

ದೋಷಗಳ ಹಿಂದಿರುವ ಜೀನುಗಳು ಕ್ರಮೇಣ ತಿಳಿದುಬಂದವು. 13ಕ್ಯೂ ಲೋಪದಲ್ಲಿ ಕಳೆದುಹೋಗುವುದು ಮೈಕ್ರೊಆರ್‌ಎನ್ಎ ಎಂಬ ಎರಡು ಸಣ್ಣ ನಿಯಂತ್ರಕಗಳು ಎಂದು 2002ರಲ್ಲಿ ಅಮೆರಿಕದಲ್ಲಿ ಕಾರ್ಲೊ ಕ್ರೋಚೆ ಅವರ ತಂಡ ತೋರಿಸಿತು. ಕೋಶವನ್ನು ಸಾಯದಂತೆ ಕಾಪಾಡುವ ಬಿಸಿಎಲ್2 ಎಂಬ ಪ್ರೋಟೀನನ್ನು ಹದ್ದಿನಲ್ಲಿಡುವುದು ಇವುಗಳ ಕೆಲಸಗಳಲ್ಲಿ ಒಂದು. 11ಕ್ಯೂ ಲೋಪದಲ್ಲಿ ಡಿಎನ್ಎಯ ಮುರಿತವನ್ನು ಪತ್ತೆಹಚ್ಚುವ ಎಟಿಎಂ ಎಂಬ ಜೀನು ಹೋಗುತ್ತದೆ. 17ಪಿ ಲೋಪದಲ್ಲಿ ಹೋಗುವುದು ಟಿಪಿ53. ಕೋಶದ ಡಿಎನ್ಎಗೆ ಪೆಟ್ಟು ಬಿದ್ದಾಗ, ಒಂದೋ ಅದನ್ನು ಸರಿಪಡಿಸುವಂತೆ ವಿಭಜನೆಯನ್ನು ತಡೆಯುವುದು, ಇಲ್ಲವೆ ಕೋಶ ತಾನಾಗಿಯೇ ಸಾಯುವಂತೆ ಆಜ್ಞೆ ಕೊಡುವುದು ಈ ಜೀನು ತಯಾರಿಸುವ ಪಿ53 ಪ್ರೋಟೀನಿನ ಹೊಣೆ. ಸಾಂಪ್ರದಾಯಿಕ ಕೀಮೋಥೆರಪಿಯ ಔಷಧಗಳು ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವುದಿಲ್ಲ. ಅವು ಡಿಎನ್ಎಯನ್ನು ಘಾಸಿಗೊಳಿಸುತ್ತವೆ, ಕೊಲ್ಲುವ ಆಜ್ಞೆ ಪಿ53ರಿಂದ ಬರಬೇಕು. ಆಜ್ಞೆ ಕೊಡುವ ಪ್ರೋಟೀನೇ ಇಲ್ಲದ ಕೋಶ ಘಾಸಿಗೊಂಡೂ ಬದುಕುತ್ತದೆ. 17ಪಿ ಲೋಪದವರಲ್ಲಿ ಕೀಮೋ ಸೋಲುವುದರ ಗುಟ್ಟು ಇದು. ಅವರ ಕಾಯಿಲೆ ಬಲಿಷ್ಠವೆಂಬುದಕ್ಕಿಂತ ಔಷಧದ ದಾರಿ ಅಲ್ಲಿ ಮುಚ್ಚಿಹೋಗಿದೆ ಎಂಬುದು ಹೆಚ್ಚು ನಿಖರ.

ಟಿಪಿ53 ಕೆಡುವುದಕ್ಕೆ ಎರಡು ಬಗೆಗಳಿವೆ. ವರ್ಣತಂತುವಿನ ತುಂಡೇ ಕಳೆದುಹೋಗಬಹುದು, ಇದು ಫಿಶ್ ಪರೀಕ್ಷೆಗೆ ಕಾಣುತ್ತದೆ. ಅಥವಾ ತುಂಡು ಅಲ್ಲಿಯೇ ಇದ್ದು ಅದರ ಒಂದೆರಡು ಅಕ್ಷರಗಳು ಬದಲಾಗಿರಬಹುದು, ಈ ಬದಲಾವಣೆಯನ್ನು ಉತ್ಪರಿವರ್ತನೆ ಅಥವಾ ಮ್ಯುಟೇಶನ್ ಎನ್ನುತ್ತಾರೆ, ಇದು ಫಿಶ್‌ಗೆ ಕಾಣುವುದಿಲ್ಲ. ಲೋಪವಿರುವವರಲ್ಲಿ ಬಹುತೇಕ ಮಂದಿಗೆ ಉಳಿದ ಇನ್ನೊಂದು ಪ್ರತಿಯಲ್ಲಿ ಉತ್ಪರಿವರ್ತನೆಯೂ ಇರುತ್ತದೆ. ಆದರೆ ಲೋಪವಿಲ್ಲದೆ ಉತ್ಪರಿವರ್ತನೆ ಮಾತ್ರ ಇರುವವರೂ ಇದ್ದಾರೆ, ಅವರಲ್ಲಿಯೂ ಕೀಮೋ ಅಷ್ಟೇ ದುರ್ಬಲ. ಹಾಗಾಗಿ ‘ಫಿಶ್ ವರದಿಯಲ್ಲಿ 17ಪಿ ಇಲ್ಲ’ ಎಂಬ ಒಂದೇ ಸಾಲಿನಿಂದ ನಿಶ್ಚಿಂತರಾಗುವಂತಿಲ್ಲ, ಜೀನಿನ ಅಕ್ಷರಗಳನ್ನೇ ಓದುವ ಸೀಕ್ವೆನ್ಸಿಂಗ್ ಪರೀಕ್ಷೆಯೂ ಜೊತೆಗಿರಬೇಕು. ಖರ್ಚು ಉಳಿಸಲು ಒಂದನ್ನು ಮಾಡಿಸಿ ಇನ್ನೊಂದನ್ನು ಬಿಡುವುದು ನಮ್ಮಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಮತ್ತು ಇದರಿಂದಾಗುವ ನಷ್ಟ ಉಳಿಸಿದ ಹಣಕ್ಕಿಂತ ಬಹಳ ದೊಡ್ಡದು.

ಟಿಪಿ53ಕ್ಕೆ ಸರಿಸಮವಾದ ಇನ್ನೊಂದು ಸೂಚಕ 1999ರಲ್ಲಿ ಬೆಳಕಿಗೆ ಬಂತು. ಇಂಗ್ಲೆಂಡಿನ ಬೋರ್ನ್‌ಮತ್‌ನ ಟೆರಿ ಹ್ಯಾಂಬ್ಲಿನ್ ಹಾಗೂ ಫ್ರೀಡಾ ಸ್ಟೀವನ್‌ಸನ್ ಅವರ ತಂಡ, ನ್ಯೂಯಾರ್ಕಿನ ರಾಜೇಂದ್ರ ಡಾಮ್ಲೆ ಹಾಗೂ ನಿಕೋಲಸ್ ಕಿಯೊರಾಜಿ ಅವರ ತಂಡ, ಬೇರೆ ಬೇರೆಯಾಗಿ ದುಡಿದು ಒಂದೇ ಸತ್ಯಕ್ಕೆ ಬಂದು, ‘ಬ್ಲಡ್’ ಎಂಬ ವೈದ್ಯಕೀಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದವು. ಇದನ್ನು ಅರಿಯಲು ಆರೋಗ್ಯವಂತ ‘ಬಿ’ ಕೋಶದ ಬೆಳವಣಿಗೆಯನ್ನು ಸ್ವಲ್ಪ ತಿಳಿಯಬೇಕು. ಪ್ರತಿಕಾಯದ ಭಾರವಾದ ಸರಪಣಿಯ ಒಂದು ಭಾಗವನ್ನು ರೂಪಿಸುವ ಜೀನನ್ನು ಐಜಿಎಚ್‌ವಿ ಎನ್ನುತ್ತಾರೆ. ‘ಬಿ’ ಕೋಶ ಸೋಂಕನ್ನು ಎದುರಿಸಿದಾಗ ದುಗ್ಧಗ್ರಂಥಿಯೊಳಗಿನ ವಿಶೇಷ ತಾಣದಲ್ಲಿ ಈ ಜೀನಿನ ಅಕ್ಷರಗಳನ್ನು ತಾನೇ ತಿದ್ದಿಕೊಳ್ಳುತ್ತ, ಆ ಸೋಂಕಿಗೆ ಇನ್ನಷ್ಟು ಬಿಗಿಯಾಗಿ ಅಂಟುವ ಪ್ರತಿಕಾಯವನ್ನು ರೂಪಿಸಿಕೊಳ್ಳುತ್ತದೆ. ಕ್ಯಾನ್ಸರ್‌ಗೆ ತಿರುಗಿದ ಕೋಶದ ಈ ಜೀನನ್ನು ಹುಟ್ಟಿನಿಂದ ಬಂದ ಮೂಲಪಾಠದೊಡನೆ ಹೋಲಿಸಿದಾಗ ನೂರಕ್ಕೆ 98 ಅಥವಾ ಹೆಚ್ಚು ಪಾಲು ತಾಳೆಯಾದರೆ, ಆ ಕೋಶ ತಿದ್ದುಪಡಿಯ ಹಂತವನ್ನು ಹಾದಿಲ್ಲ ಎಂದರ್ಥ. 98ಕ್ಕಿಂತ ಕಡಿಮೆ ತಾಳೆಯಾದರೆ ತಿದ್ದುಪಡಿ ಆಗಿದೆ. ಹ್ಯಾಂಬ್ಲಿನ್ ತಂಡ ಪರೀಕ್ಷಿಸಿದ 84 ರೋಗಿಗಳಲ್ಲಿ, ಒಂದೇ ಆರಂಭಿಕ ಹಂತದಲ್ಲಿದ್ದವರನ್ನಷ್ಟೇ ನೋಡಿದರೂ, ತಿದ್ದುಪಡಿಯಾಗದವರ ಬದುಕಿನ ಮಧ್ಯಾಂಕ 95 ತಿಂಗಳು, ತಿದ್ದುಪಡಿಯಾದವರದು 293 ತಿಂಗಳು. ಎರಡು ಗುಂಪುಗಳ ನಡುವೆ ಹದಿನಾರು ವರ್ಷಗಳ ಅಂತರ ತೋರುವ ಒಂದೇ ಪರೀಕ್ಷೆ ಅದಕ್ಕೆ ಮೊದಲು ಯಾರ ಕೈಯಲ್ಲೂ ಇರಲಿಲ್ಲ.

ಅಂತರದ ಕಾರಣ ಕೋಶದ ಸ್ವಭಾವದಲ್ಲಿದೆ. ತಿದ್ದುಪಡಿಯಾಗದ ಕೋಶದ ಹೊರಮೈಯ ಗ್ರಾಹಕ ಸುತ್ತಲಿನ ಅನೇಕ ವಸ್ತುಗಳಿಗೆ, ದೇಹದ ಸ್ವಂತ ಘಟಕಗಳಿಗೂ ಸಹ, ಅಂಟಿಕೊಂಡು ‘ಬದುಕು, ವಿಭಜನೆಯಾಗು’ ಎಂಬ ಸಂಕೇತವನ್ನು ಒಳಕ್ಕೆ ಕಳಿಸುತ್ತಲೇ ಇರುತ್ತದೆ. ತಿದ್ದುಪಡಿಯಾದ ಕೋಶದಲ್ಲಿ ಈ ಸಂಕೇತ ಬಹುಮಟ್ಟಿಗೆ ಮಂಕಾಗಿರುತ್ತದೆ. ವರದಿ ಓದುವವರು ಇಲ್ಲೊಂದು ಗೊಂದಲಕ್ಕೆ ಬೀಳುವುದುಂಟು: ಟಿಪಿ53ರ ಸಾಲಿನಲ್ಲಿ ‘ಮ್ಯುಟೇಟೆಡ್’ ಎಂದಿದ್ದರೆ ಅದು ಪ್ರತಿಕೂಲ, ಐಜಿಎಚ್‌ವಿಯ ಸಾಲಿನಲ್ಲಿ ‘ಮ್ಯುಟೇಟೆಡ್’ ಎಂದಿದ್ದರೆ ಅದು ಅನುಕೂಲ. ಮೊದಲನೆಯದು ಕೋಶದ ಹಾಳಾದ ಕಾವಲು, ಎರಡನೆಯದು ಕೋಶ ಸಹಜವಾಗಿ ಪ್ರೌಢವಾಗಿದ್ದರ ಗುರುತು. ಅಪವಾದವೂ ಇದೆ, ಐಜಿಎಚ್‌ವಿ3-21 ಎಂಬ ಜೀನನ್ನು ಬಳಸುವ, ಪರಸ್ಪರ ಒಂದೇ ಅಚ್ಚಿನಂಥ ಗ್ರಾಹಕವಿರುವ ‘ಸಬ್‌ಸೆಟ್ 2’ ಎಂಬ ಗುಂಪಿನಲ್ಲಿ ತಿದ್ದುಪಡಿ ಆಗಿರಲಿ ಬಿಡಲಿ ಕಾಯಿಲೆ ಚುರುಕಾಗಿಯೇ ಇರುತ್ತದೆ.

ಐಜಿಎಚ್‌ವಿ ಪರೀಕ್ಷೆ ಆಗ ದುಬಾರಿಯೂ ಕಷ್ಟವೂ ಆಗಿದ್ದುದರಿಂದ ಅದಕ್ಕೆ ಬದಲಿಯಾಗಿ ಫ್ಲೋ ಸೈಟೊಮೆಟ್ರಿಯಲ್ಲೇ ಅಳೆಯಬಹುದಾದ ಸಿಡಿ38 ಮತ್ತು ಜ್ಯಾಪ್-70 ಎಂಬ ಪ್ರೋಟೀನುಗಳು ಬಳಕೆಗೆ ಬಂದವು. ಒಂದು ದಶಕ ಇವುಗಳ ಬಗ್ಗೆ ನೂರಾರು ಲೇಖನಗಳು ಹೊರಬಂದವು. ಸಿಡಿ38ರ ಮಟ್ಟ ಕಾಯಿಲೆಯ ಅವಧಿಯಲ್ಲಿ ಬದಲಾಗುತ್ತದೆ ಎಂದೂ, ಜ್ಯಾಪ್-70ರ ಅಳತೆ ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ತಾಳೆಯಾಗುವುದಿಲ್ಲವೆಂದೂ ಕ್ರಮೇಣ ಗೊತ್ತಾಗಿ, ಇಂದು ಇವನ್ನು ನೆಚ್ಚಿ ಯಾರೂ ಚಿಕಿತ್ಸೆ ನಿರ್ಧರಿಸುವುದಿಲ್ಲ. ಸಿಡಿ49ಡಿ ಎಂಬ ಇನ್ನೊಂದು ಗುರುತು ಇವೆರಡಕ್ಕಿಂತ ಗಟ್ಟಿಯಾಗಿ ನಿಂತಿದೆ. 2011ರ ಸುಮಾರಿಗೆ ಇಡೀ ಜೀನೋಮ್ ಓದುವ ತಂತ್ರ ಬಂದಾಗ ನಾಚ್1, ಎಸ್ಎಫ್3ಬಿ1, ಬಿಐಆರ್‌ಸಿ3 ಎಂಬ ಜೀನುಗಳ ಉತ್ಪರಿವರ್ತನೆಗಳು ಪಟ್ಟಿಗೆ ಸೇರಿದವು. ಇವುಗಳಲ್ಲಿ ನಾಚ್1 ಉತ್ಪರಿವರ್ತನೆ ಇರುವವರಲ್ಲಿ, ಕಾಯಿಲೆ ಏಕಾಏಕಿ ಉಗ್ರ ಸ್ವರೂಪದ ಲಿಂಫೋಮಾಕ್ಕೆ ತಿರುಗುವ, ರಿಕ್ಟರ್ ಪರಿವರ್ತನೆ ಎಂಬ ಅಪಾಯ ಹೆಚ್ಚು. ವರ್ಣತಂತುಗಳಲ್ಲಿ ಮೂರು ಅಥವಾ ಹೆಚ್ಚು ದೋಷಗಳಿರುವ ‘ಸಂಕೀರ್ಣ ಕ್ಯಾರಿಯೋಟೈಪ್’ ಕೂಡ ಎಚ್ಚರಿಕೆಯ ಗುರುತು, ವಿಶೇಷವಾಗಿ ದೋಷಗಳು ಐದು ಅಥವಾ ಹೆಚ್ಚಿದ್ದಾಗ.

ಇಷ್ಟೊಂದು ಸೂಚಕಗಳು ಒಂದರ ಮೇಲೊಂದು ಬಿದ್ದಾಗ ಯಾವುದಕ್ಕೆ ಎಷ್ಟು ತೂಕ ಎಂಬ ಸಮಸ್ಯೆ ಎದ್ದೇ ಏಳುತ್ತದೆ. ಹಲವು ದೇಶಗಳ ಚಿಕಿತ್ಸಾ ಪ್ರಯೋಗಗಳ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ರೂಪಿಸಿದ ಅಂತರರಾಷ್ಟ್ರೀಯ ಮುನ್ಸೂಚಕ ಸೂಚ್ಯಂಕ ಹತ್ತಾರು ಸೂಚಕಗಳನ್ನು ಜರಡಿ ಹಿಡಿದು ಐದನ್ನು ಮಾತ್ರ ಉಳಿಸಿಕೊಂಡಿತು. ಟಿಪಿ53 ಕೆಟ್ಟಿದ್ದರೆ ನಾಲ್ಕು ಅಂಕ. ಐಜಿಎಚ್‌ವಿ ತಿದ್ದುಪಡಿಯಾಗದಿದ್ದರೆ ಎರಡು. ಬೀಟಾ-2 ಮೈಕ್ರೊಗ್ಲೋಬ್ಯುಲಿನ್ 3.5 ಮೀರಿದ್ದರೆ ಎರಡು. ಆರಂಭದ ಹಂತ ದಾಟಿದ್ದರೆ ಒಂದು. ವಯಸ್ಸು 65 ಮೀರಿದ್ದರೆ ಒಂದು. ಒಟ್ಟು ಒಂದರೊಳಗಿದ್ದವರಲ್ಲಿ ಐದು ವರ್ಷಗಳ ಬಳಿಕ ನೂರಕ್ಕೆ 93 ಮಂದಿ ಬದುಕಿದ್ದರು, ಏಳರಿಂದ ಹತ್ತು ಅಂಕ ಪಡೆದವರಲ್ಲಿ ನೂರಕ್ಕೆ 23 ಮಂದಿ. ಕಾಂತಿ ರಾಯ್ ಅವರ ಹಂತವೂ ರೋಗಿಯ ವಯಸ್ಸೂ ಅತ್ಯಾಧುನಿಕ ಜೀನುಗಳ ಪಕ್ಕದಲ್ಲೇ ಸ್ಥಾನ ಉಳಿಸಿಕೊಂಡವು, ಜ್ಯಾಪ್-70 ಹೊರಗುಳಿಯಿತು. ಈ ಸೂಚ್ಯಂಕವೂ ಬಹುಪಾಲು ಕೀಮೋಥೆರಪಿ ಕಾಲದ ರೋಗಿಗಳಿಂದಲೇ ಹುಟ್ಟಿದ್ದು ಎಂಬುದನ್ನು ಮರೆಯಬಾರದು. ಹೊಸ ಔಷಧಗಳ ಕಾಲದಲ್ಲಿ ಅದರ ಕೊನೆಯ ಸಾಲಿನ ಅಂಕಿ ಅಷ್ಟು ಕತ್ತಲೆಯದಲ್ಲ.

ಪ್ರತಿಕೂಲ ಸೂಚಕ ಕಂಡಕೂಡಲೇ ಚಿಕಿತ್ಸೆ ಆರಂಭಿಸಬೇಕೆಂಬ ಭಾವನೆ ರೋಗಿಗಳಲ್ಲೂ ಅವರ ಮನೆಯವರಲ್ಲೂ ಬಲವಾಗಿರುತ್ತದೆ, ಮತ್ತು ಇದು ಸರಿಯಲ್ಲ. ತೊಂದರೆಯಿಲ್ಲದ ಆರಂಭಿಕ ಹಂತದಲ್ಲಿ ಔಷಧ ಕೊಟ್ಟರೆ ಆಯುಷ್ಯ ಹೆಚ್ಚುವುದಿಲ್ಲ ಎಂದು ಕ್ಲೋರಾಂಬ್ಯುಸಿಲ್ ಎಂಬ ಹಳೆಯ ಗುಳಿಗೆಯ ಮೇಲೆ ನಡೆದ ಫ್ರೆಂಚ್ ಪ್ರಯೋಗಗಳು 1998ರಲ್ಲೇ ತೋರಿಸಿದ್ದವು. ಅಪಾಯ ಹೆಚ್ಚಿರುವ ಆರಂಭಿಕ ರೋಗಿಗಳನ್ನೇ ಆರಿಸಿ ಹೊಸ ಔಷಧ ಇಬ್ರುಟಿನಿಬ್ ಕೊಟ್ಟು ನೋಡಿದ ಜರ್ಮನ್ ಪ್ರಯೋಗದಲ್ಲಿಯೂ, ಕಾಯಿಲೆಯ ಏರಿಕೆ ನಿಧಾನವಾಯಿತೇ ಹೊರತು, ಬದುಕು ದೀರ್ಘವಾದದ್ದು ಕಾಣಲಿಲ್ಲ. ಚಿಕಿತ್ಸೆಗೆ ಕಾಲ ಬಂದಿದೆಯೆಂದು ಹೇಳುವುದು ದೇಹ, ಜೀನಲ್ಲ: ಹಿಮೋಗ್ಲೋಬಿನ್ ಅಥವಾ ಪ್ಲೇಟ್‌ಲೆಟ್ ಇಳಿಯುತ್ತ ಹೋಗುವುದು, ಗುಲ್ಮ ಅಥವಾ ಗ್ರಂಥಿಗಳು ತೀರ ದೊಡ್ಡದಾಗುವುದು, ಆರು ತಿಂಗಳಲ್ಲಿ ತೂಕ ನೂರಕ್ಕೆ ಹತ್ತರಷ್ಟು ಇಳಿಯುವುದು, ಸೋಂಕಿಲ್ಲದೆ ಎರಡು ವಾರ ಜ್ವರ ಬರುವುದು, ಒಂದು ತಿಂಗಳು ಅಥವಾ ಹೆಚ್ಚು ಕಾಲ ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರುವುದು, ಲಿಂಫೋಸೈಟ್‌ಗಳು ಆರು ತಿಂಗಳೊಳಗೆ ದ್ವಿಗುಣವಾಗುವುದು ಇತ್ಯಾದಿ. ಬಿಳಿಯ ಕಣಗಳ ಸಂಖ್ಯೆ ಒಂದು ಲಕ್ಷ ದಾಟಿತೆಂಬ ಕಾರಣವೊಂದೇ ಚಿಕಿತ್ಸೆಗೆ ಸಾಲದು. ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿನವರಿಗೆ ಚಿಕಿತ್ಸೆಯ ಅಗತ್ಯ ಬದುಕಿಡೀ ಬರುವುದೇ ಇಲ್ಲ. ರೋಗನಿರ್ಣಯದ ಮರುದಿನವೇ ಭಯದಿಂದ ಎಲ್ಲ ದುಬಾರಿ ಪರೀಕ್ಷೆಗಳನ್ನೂ ಮಾಡಿಸುವುದಕ್ಕಿಂತ, ಚಿಕಿತ್ಸೆ ನಿಶ್ಚಯವಾದಾಗ ತಪ್ಪದೆ ಮಾಡಿಸುವುದು ವಿವೇಕ.

ಆ ಹೊತ್ತಿನಲ್ಲಿ ಮುನ್ಸೂಚಕದ ಪಾತ್ರವೇ ಬದಲಾಗುತ್ತದೆ. ಎಷ್ಟು ಕಾಲ ಎಂಬ ಪ್ರಶ್ನೆ ಹಿಂದೆ ಸರಿದು, ಯಾವ ಔಷಧ ಎಂಬ ಪ್ರಶ್ನೆ ಮುಂದೆ ಬರುತ್ತದೆ, ಮತ್ತು ಇದಕ್ಕೆ ಟಿಪಿ53 ಹಾಗೂ ಐಜಿಎಚ್‌ವಿ ಎರಡೂ ಖಚಿತ ಉತ್ತರ ಕೊಡುತ್ತವೆ. ಫ್ಲುಡರಾಬಿನ್, ಸೈಕ್ಲೋಫಾಸ್ಫಮೈಡ್, ರಿಟುಕ್ಸಿಮ್ಯಾಬ್ ಎಂಬ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಎಫ್.ಸಿ.ಆರ್. ಚಿಕಿತ್ಸೆಯನ್ನು ಅಮೆರಿಕದ ಎಂ.ಡಿ. ಆಂಡರ್‌ಸನ್ ಕ್ಯಾನ್ಸರ್ ಕೇಂದ್ರದಲ್ಲಿ ಪಡೆದ 300 ರೋಗಿಗಳನ್ನು ದೀರ್ಘಕಾಲ ಗಮನಿಸಿದಾಗ, ಸುಮಾರು ಹದಿಮೂರು ವರ್ಷಗಳ ಬಳಿಕವೂ ಐಜಿಎಚ್‌ವಿ ತಿದ್ದುಪಡಿಯಾದವರಲ್ಲಿ ನೂರಕ್ಕೆ 54 ಮಂದಿಗೆ ಕಾಯಿಲೆ ಮರಳಿರಲಿಲ್ಲ. ತಿದ್ದುಪಡಿಯಾಗದವರಲ್ಲಿ ಈ ಭಾಗ್ಯ ನೂರಕ್ಕೆ 9 ಮಂದಿಗೆ ಮಾತ್ರ. ಈ ಒಂದು ಅಂಕಿಯಿಂದಲೇ ಯಾರಿಗೆ ಕೀಮೋ ಒಗ್ಗುತ್ತದೆ, ಯಾರಿಗೆ ಒಗ್ಗದು ಎಂಬುದು ಹಗಲಿನಂತೆ ಸ್ಪಷ್ಟವಾಯಿತು. ಇನ್ನೊಂದೆಡೆ, ಗ್ರಾಹಕದಿಂದ ಬರುವ ಬದುಕಿನ ಸಂಕೇತವನ್ನು ಬಿಟಿಕೆ ಎಂಬ ಕಿಣ್ವದ ಬಳಿ ಕಡಿದುಹಾಕುವ ಗುಳಿಗೆಗಳು, ಅಂದರೆ ಅಮೆರಿಕದಲ್ಲಿ 2014ರಲ್ಲಿ ಈ ಕಾಯಿಲೆಗೆ ಅನುಮತಿ ಪಡೆದ ಇಬ್ರುಟಿನಿಬ್, ಬಳಿಕ ಬಂದ ಅಕಾಲಬ್ರುಟಿನಿಬ್ ಮತ್ತು ಜಾನುಬ್ರುಟಿನಿಬ್, ಪಿ53ರ ಆಜ್ಞೆಗಾಗಿ ಕಾಯುವುದಿಲ್ಲ. 2016ರಲ್ಲಿ ಮೊದಲು 17ಪಿ ಲೋಪದವರಿಗೆಂದೇ ಅನುಮತಿ ಪಡೆದ ವೆನೆಟೊಕ್ಲಾಕ್ಸ್ ಕೂಡ ಬಿಸಿಎಲ್2ರ ರಕ್ಷಣೆಯನ್ನು ನೇರವಾಗಿ ಕಿತ್ತು ಕೋಶವನ್ನು ಸಾಯಿಸುತ್ತದೆ. ಕೀಮೋಗೆ ಮುಚ್ಚಿದ್ದ ಬಾಗಿಲಿನ ಪಕ್ಕದಲ್ಲಿ ಬೇರೆ ದಾರಿಗಳು ತೆರೆದವು. ಐಜಿಎಚ್‌ವಿ ತಿದ್ದುಪಡಿಯಾಗದವರು ಬಿಟಿಕೆ ಗುಳಿಗೆಗಳಿಂದ ತಿದ್ದುಪಡಿಯಾದವರಷ್ಟೇ ಲಾಭ ಪಡೆಯುತ್ತಿರುವುದು ಕಂಡುಬಂದಿದೆ. ಒಂದು ವರ್ಷಕ್ಕೆ ನಿಲ್ಲಿಸುವ ವೆನೆಟೊಕ್ಲಾಕ್ಸ್ ಚಿಕಿತ್ಸೆಯಲ್ಲಿ ಮಾತ್ರ ಅವರಿಗೂ ಟಿಪಿ53 ಕೆಟ್ಟವರಿಗೂ ಕಾಯಿಲೆ ಸ್ವಲ್ಪ ಬೇಗ ಮರಳುತ್ತದೆ.

ಹೊಸ ಗುಳಿಗೆಗಳು ಎಲ್ಲರಿಗೂ ಸುಲಭವಾಗಿ ಎಟಕುವ ಶ್ರೀಮಂತ ದೇಶಗಳಲ್ಲಿ ಈ ಪರೀಕ್ಷೆಗಳ ತೂಕ ಕಡಿಮೆಯಾಗುತ್ತಿದೆ ಎಂಬ ವಾದವಿದೆ. ಎಲ್ಲರಿಗೂ ಅದೇ ಗುಳಿಗೆಯಾದರೆ ಪರೀಕ್ಷೆ ಏಕೆ ಎಂಬುದು ಅದರ ತರ್ಕ. ಕರ್ನಾಟಕದಲ್ಲಿ, ಒಟ್ಟಾರೆ ಭಾರತದಲ್ಲಿ, ಆ ತರ್ಕ ನಿಲ್ಲುವುದಿಲ್ಲ. ವರ್ಷಗಟ್ಟಲೆ ನುಂಗಬೇಕಾದ ಗುಳಿಗೆಯ ಖರ್ಚನ್ನು ಬಹಳ ಮನೆಗಳು ಹೊರಲಾರವು, ಹಾಗಾಗಿ ಬೆಂಡಾಮಸ್ಟಿನ್, ಕ್ಲೋರಾಂಬ್ಯುಸಿಲ್‌ನಂಥ ಕೀಮೋ ಔಷಧಗಳು ಇಲ್ಲಿ ಇನ್ನೂ ಬಳಕೆಯಲ್ಲಿವೆ. ಐಜಿಎಚ್‌ವಿ ತಿದ್ದುಪಡಿಯಾದ, ಟಿಪಿ53 ಸುಸ್ಥಿತಿಯಲ್ಲಿರುವ ರೋಗಿಗೆ ಆರು ತಿಂಗಳ ಕೀಮೋ ಹಲವು ವರ್ಷಗಳ ನೆಮ್ಮದಿ ಕೊಟ್ಟೀತು. ಅದು ಅವರ ಪಾಲಿಗೆ ಸೋಲಿನ ಆಯ್ಕೆಯಲ್ಲ. ಅದೇ ಔಷಧವನ್ನು ಟಿಪಿ53 ಕೆಟ್ಟವರಿಗೆ ಕೊಟ್ಟರೆ ವಾಂತಿ, ಸೋಂಕು, ರಕ್ತಹೀನತೆಗಳೆಲ್ಲ ಬಂದು, ಸಾಲದ ಹಣ ಕರಗಿ, ಕಾಯಿಲೆ ಮಾತ್ರ ಹಾಗೆಯೇ ಉಳಿಯುತ್ತದೆ. ಉಳಿಯುವುದಷ್ಟೇ ಅಲ್ಲ, ಕೀಮೋಗೆ ಬಗ್ಗುವ ಕೋಶಗಳು ಸತ್ತು ಬಗ್ಗದವು ಮಾತ್ರ ಬೆಳೆಯಲು ಜಾಗ ಸಿಗುತ್ತದೆ. ಹಣ ಕಡಿಮೆಯಿರುವ ರೋಗಿಗೇ ಪರೀಕ್ಷೆ ಹೆಚ್ಚು ಅಗತ್ಯ ಎಂಬುದನ್ನು ಆಸ್ಪತ್ರೆಗಳೂ ಆರೋಗ್ಯ ವಿಮಾ ಯೋಜನೆಗಳೂ ಮನಗಾಣಬೇಕು. ಫಿಶ್ ಪರೀಕ್ಷೆ ಬೆಂಗಳೂರಿನಂಥ ನಗರಗಳ ದೊಡ್ಡ ಪ್ರಯೋಗಾಲಯಗಳಲ್ಲಿ ಸಿಗುತ್ತದೆ, ಸೀಕ್ವೆನ್ಸಿಂಗ್ ಮಾಡುವ ಕಡೆಗಳು ಅದಕ್ಕಿಂತ ಕಡಿಮೆ. ಎರಡಕ್ಕೂ ಸಾಮಾನ್ಯವಾಗಿ ತೋಳಿನಿಂದ ತೆಗೆದ ರಕ್ತ ಸಾಕು, ಮೂಳೆಗೆ ಸೂಜಿ ಹಾಕಬೇಕಾಗಿಲ್ಲ. ಹಾಗಾಗಿ ದೂರದ ಜಿಲ್ಲೆಯ ರೋಗಿ ತಾನೇ ನಗರಕ್ಕೆ ಬರದೆ ಮಾದರಿಯನ್ನಷ್ಟೇ ಕಳಿಸಿಯೂ ಮಾಡಿಸಬಹುದು.

ಪರೀಕ್ಷೆಗಳನ್ನು ಎಷ್ಟು ಬಾರಿ ಮಾಡಿಸಬೇಕು ಎಂಬುದಕ್ಕೂ ಉತ್ತರ ಕಾಯಿಲೆಯ ಸ್ವಭಾವದಲ್ಲೇ ಇದೆ. ಐಜಿಎಚ್‌ವಿಯ ಸ್ಥಿತಿ ಕೋಶ ಕ್ಯಾನ್ಸರ್‌ಗೆ ತಿರುಗಿದ ಗಳಿಗೆಯಲ್ಲೇ ಮುದ್ರೆಯಾಗಿರುವುದರಿಂದ ಅದು ಬದಲಾಗುವುದಿಲ್ಲ. ಒಮ್ಮೆ ಮಾಡಿಸಿದ ವರದಿಯನ್ನು ಜೋಪಾನವಾಗಿಟ್ಟರೆ ಹತ್ತು ವರ್ಷಗಳ ನಂತರವೂ ಅದೇ ಸಲ್ಲುತ್ತದೆ. ಟಿಪಿ53 ಹಾಗಲ್ಲ. ರೋಗನಿರ್ಣಯದ ಹೊತ್ತಿಗೆ ಕೆಲವೇ ಮಂದಿಯಲ್ಲಿ ಇರುವ ಈ ದೋಷ, ಚಿಕಿತ್ಸೆಗಳನ್ನು ದಾಟಿ ಕಾಯಿಲೆ ಮರುಕಳಿಸಿದವರಲ್ಲಿ ಬಹಳ ಹೆಚ್ಚಾಗಿ ಕಾಣುತ್ತದೆ, ಏಕೆಂದರೆ ಮೊದಲು ಬೆರಳೆಣಿಕೆಯಷ್ಟಿದ್ದ ದೋಷಯುಕ್ತ ಕೋಶಗಳು ಪ್ರತಿ ಸುತ್ತಿನ ಚಿಕಿತ್ಸೆಯ ನಂತರ ಮೇಲುಗೈ ಪಡೆಯುತ್ತವೆ. ಆದುದರಿಂದ ಫಿಶ್ ಮತ್ತು ಟಿಪಿ53 ಸೀಕ್ವೆನ್ಸಿಂಗ್ ಎರಡನ್ನೂ ಪ್ರತಿ ಹೊಸ ಚಿಕಿತ್ಸೆಗೆ ಮುನ್ನ ಮತ್ತೆ ಮಾಡಿಸಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಮೂರು ವರ್ಷ ಹಿಂದಿನ ‘17ಪಿ ಇಲ್ಲ’ ಎಂಬ ವರದಿಯನ್ನು ಹಿಡಿದು ಇಂದಿನ ಔಷಧವನ್ನು ಆರಿಸುವಂತಿಲ್ಲ. ಚಿಕಿತ್ಸೆ ಬದಲಾಗುವ ಸಂದರ್ಭದಲ್ಲಿ ಈ ಪರೀಕ್ಷೆ ಮತ್ತೆ ಆಗಿದೆಯೇ ಎಂದು ರೋಗಿಯಾಗಲಿ ಮನೆಯವರಾಗಲಿ ವೈದ್ಯರನ್ನು ನೇರವಾಗಿ ಕೇಳಬಹುದು, ಕೇಳಬೇಕು ಕೂಡ.